ಹಳೇ ಓಮ್ನಿ ಆಕ್ಸಿಲರೇಟರ್ ಬಿಟ್ಟರೆ ಆಫ್ ಆಗ್ತಿದ್ಯಾ?

ಸೂರಗೊಂಡನಕೊಪ್ಪದಿಂದ ನ್ಯಾಮತಿಗೆ ನಾನು ತರಕಾರಿ ಒಯ್ಯೋದು ಹಳೇ ಕಾರ್ಬ್ಯುರೇಟರ್ ಓಮ್ನಿಯಲ್ಲಿ. ಓಡುವಾಗ ಸರಿ, ಹಂಪ್ ಹತ್ತಿರ ಕಾಲು ತೆಗೆದರೆ ನಡುಗಿ ಆಫ್. ಹಿಂದೆ ಲಾರಿ ಇದ್ದರೆ ಜೀವ ಬಾಯಿಗೆ ಬರುತ್ತೆ. ಹಾಗಂತ ಮೊದಲೇ ಐಡಲ್ ಸ್ಕ್ರೂ ತಿರುಗಿಸಬೇಡಿ. ಎಲೆ ಹಳದಿಯಾಯ್ತು ಅಂತ ಯೂರಿಯಾ ಸುರಿದಂಗೆ ಅದು, ರೋಗ ಒಳಗೇ ಉಳಿಯುತ್ತೆ.

ಎಂಜಿನ್ ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಎಳೆಯಿರಿ. ನಡುಕ ನಿಂತರೆ ಪೆಟ್ರೋಲ್ ಸಾಲ್ತಿಲ್ಲ, ಇಲ್ಲವೇ ಗಾಳಿ ಹೆಚ್ಚಾಗ್ತಿದೆ: ಐಡಲ್ ಜೆಟ್‌ನಲ್ಲಿ ಕಸ, ಅಥವಾ ವ್ಯಾಕ್ಯೂಮ್ ಪೈಪಲ್ಲಿ ಬಿರುಕು. ಸೋರಿಕೆ ಹುಡುಕೋಕೆ ಪೆಟ್ರೋಲ್ ಚಿಮುಕಿಸೋ ಹುಚ್ಚಾಟ ಬೇಡ, ಬೆಂಕಿ ಹತ್ತುತ್ತೆ. ಪೈಪುಗಳನ್ನ ಒಂದೊಂದಾಗಿ ಹಿಸುಕಿ, ಸದ್ದು ಬದಲಾದದ್ದನ್ನ ನೋಡಿ.

ಚೋಕ್ ಎಳೆದಾಗ ಇನ್ನೂ ಕೆಟ್ಟರೆ ಏರ್ ಫಿಲ್ಟರ್ ಬಿಚ್ಚಿ. ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ನಮ್ಮ ಕಡೆ ಅದು ಧೂಳಿನ ಚೀಲ.

ಎರಡೂ ಅಲ್ಲದಿದ್ದರೆ ಪ್ಲಗ್. 796 ಸಿಸಿ, ಮೂರೇ ಸಿಲಿಂಡರ್. ಒಂದು ಕೈಕೊಟ್ಟರೂ ಗಾಡಿ ಕುಂಟುತ್ತೆ.