ಕಾಚಿಗುಡದ ಮನೆಯಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’

ಹೈದರಾಬಾದ್: ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆಯ ಗಲ್ಲಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಹೋದರೆ ಮೊದಲ ಮಹಡಿಯ ಕಿಟಕಿಯಿಂದ ಜೋರು ಚಪ್ಪಾಳೆ ಕೇಳಿಸುತ್ತದೆ. ಅಲ್ಲಿ ಸಭೆಯೇನೂ ನಡೆದಿರುವುದಿಲ್ಲ. ಬೀದರ್ ಜಿಲ್ಲೆಯಿಂದ ಬಂದು ಇಲ್ಲಿಯೇ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಗಾಯಕ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮದ ಧ್ವನಿಮುದ್ರಿಕೆ ಹಾಕಿಕೊಂಡು ಕುಳಿತಿರುತ್ತಾರೆ. ಎಷ್ಟನೆಯ ಬಾರಿ ಎಂದು ಕೇಳಿದರೆ ಮನೆಯವರು ನಗುತ್ತಾರೆ.

ಈ ಅಭಿಮಾನ ಶುರುವಾದದ್ದು ತಕರಾರಿನಿಂದ. ಊರಿನಲ್ಲಿ ಅವರ ತಂದೆಯವರದು ಭಜನಾ ಮೇಳ. ಏಕತಾರಿ, ತಾಳ, ದಮ್ಮಡಿ, ಇಷ್ಟರಲ್ಲೇ ಶಿಶುನಾಳ ಷರೀಫರ (1819–1889) ತತ್ವಪದಗಳು ರಾತ್ರಿಯಿಡೀ ನಡೆಯುತ್ತಿದ್ದವು. ಅವೇ ಪದಗಳು ವಾದ್ಯಗೋಷ್ಠಿಯೊಂದಿಗೆ ಕ್ಯಾಸೆಟ್ಟಿನಲ್ಲಿ ಬಂದಾಗ, ಫಕೀರನ ಪದಕ್ಕೆ ಇಷ್ಟೊಂದು ಸಿಂಗಾರವೇಕೆಂದು ಇವರು ಸಿಟ್ಟಾಗಿದ್ದರಂತೆ. 1990ರಲ್ಲಿ ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. ಅದರ ಸಂಗೀತ ಅಶ್ವತ್ಥರದೇ. ಚಿತ್ರ ನೋಡಿ ಬಂದ ಮೇಲೆ ಸಿಟ್ಟು ಇಳಿಯಿತು. ಪದದ ಒಂದಕ್ಷರವನ್ನೂ ನುಂಗದೆ, ಕೆಣಕುವಲ್ಲಿ ಕೆಣಕಿ, ಮರುಗುವಲ್ಲಿ ಮರುಗುವ ಆ ಏರುದನಿ ಹಿಡಿಸಿತು. ಅಶ್ವತ್ಥರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ಹಾಡಿದವರು ಎಂದು ತಿಳಿದಾಗಲಂತೂ ತಮ್ಮವರೇ ಅನ್ನಿಸಿತು. ದಿನವಿಡೀ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ.

2005ರ ಏಪ್ರಿಲ್ 23ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಯಿತು. ಕುವೆಂಪು ಗೀತೆಯ ಸಾಲಿನಿಂದ ಬಂದ ಹೆಸರು. ಸುಗಮ ಸಂಗೀತಕ್ಕೆ ಲಕ್ಷದಷ್ಟು ಜನ ಸೇರಿದ್ದರೆಂದು ಇಂದಿಗೂ ಹೇಳುತ್ತಾರೆ. ಇವರೂ ಕಾಚಿಗುಡದಿಂದ ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದರು. ಎರಡು ದಿನ ಮೊದಲು ತಾಯಿ ಆಸ್ಪತ್ರೆ ಸೇರಿದರು. ಟಿಕೆಟ್ ರದ್ದಾಯಿತು.

ಮುಂದೆ ನೆಂಟರೊಬ್ಬರು ಬೆಂಗಳೂರಿನಿಂದ ಮುದ್ರಿಕೆ ತಂದುಕೊಟ್ಟಾಗ ಮೊದಲು ನಿರಾಸೆಯೇ ಆಯಿತಂತೆ. ಸ್ಟುಡಿಯೊದ ನುಣುಪು ಅದರಲ್ಲಿರಲಿಲ್ಲ. ಕೆಲವು ಕಡೆ ಮಾತನ್ನು ಚಪ್ಪಾಳೆ ನುಂಗಿತ್ತು. ಆದರೆ ಅಷ್ಟರಲ್ಲಿ ಚೇತರಿಸಿಕೊಂಡು ಮನೆಗೆ ಬಂದಿದ್ದ ತಾಯಿ, ಮಂಚದಿಂದಲೇ ಕಿವಿಗೊಟ್ಟು ಕೇಳಿ, “ಯಾರ ಮನ್ಯಾಗ ಭಜನಿ ನಡದದ?” ಎಂದರು.

ಅಂದಿನಿಂದ ಇವರು ಆ ಮುದ್ರಿಕೆಯನ್ನು ಕೇಳುವ ರೀತಿಯೇ ಬದಲಾಯಿತು. ಊರಿನ ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು, ಸುಮ್ಮನೆ ಕೂತು ಕೇಳುವವರು ಅಲ್ಲಿಲ್ಲ. ಸ್ಟುಡಿಯೊದ ಕ್ಯಾಸೆಟ್ಟಿನಲ್ಲಿ ಇಲ್ಲದ್ದು ಅದೇ ಎಂದು ಇವರಿಗೆ ಹೊಳೆಯಿತು. “ಅದ್ರಾಗ ಪದ ಅದ, ಇದ್ರಾಗ ಮಂದಿ ಅದಾರ” ಎನ್ನುತ್ತಾರೆ. ಅವರ ಮನೆಯವರಿಗೆ ಇದು ಒಪ್ಪಿಗೆಯಿಲ್ಲ. ಹಾಡು ಕೇಳಬೇಕಾದರೆ ‘ಮೈಸೂರು ಮಲ್ಲಿಗೆ’ಯ ಹಳೆಯ ಕ್ಯಾಸೆಟ್ಟೇ ಸರಿ, ಗದ್ದಲವನ್ನು ಕಾಚಿಗುಡ ಸ್ಟೇಷನ್ನಿಗೆ ಹೋದರೂ ಕೇಳಬಹುದು ಎಂಬುದು ಅವರ ವಾದ. ಅದರಲ್ಲೂ ನಿಜವಿಲ್ಲದಿಲ್ಲ.

ಅಶ್ವತ್ಥರನ್ನು ಎದುರು ಕೂತು ಕೇಳುವ ಆಸೆ ‘ಮುಂದಿನ ಸಲ’ ಎಂದೇ ಉಳಿಯಿತು. 2009ರ ಡಿಸೆಂಬರ್ 29ರಂದು, ತಮ್ಮ 70ನೇ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು. ತಾಯಿಯೂ ಈಗಿಲ್ಲ. ಮುದ್ರಿಕೆಗೆ ಗೀರು ಬಿದ್ದು, ಮಗ ಅದನ್ನು ಮೊಬೈಲಿಗೆ ಇಳಿಸಿಕೊಟ್ಟಿದ್ದಾನೆ.

ಈ ಬಾರಿಯ ರಾಜ್ಯೋತ್ಸವದಲ್ಲಿ ಹದಿನೈದು ನಿಮಿಷ ಕೊಡಿ ಎಂದು ಇವರು ತಮ್ಮ ಸಂಘದವರನ್ನು ಕೇಳಿದ್ದಾರೆ. ವೇದಿಕೆ ಬೇಡ, ಮುದ್ರಿಕೆ ಹಾಕಿದಾಗ ಸಭೆಯೆಲ್ಲ ದನಿಗೂಡಿಸಿದರೆ ಸಾಕು. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಪದಗಳನ್ನು ತೆಲುಗು ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದಾರೆ. ನಾಲ್ಕು ಮುಗಿದಿವೆ. ತಪ್ಪು ತಿದ್ದುವ ಕೆಲಸ ಆರನೇ ತರಗತಿಯ ಮೊಮ್ಮಗಳದು.