ಕನ್ನಡ ವಿಭಾಗದ ಬಾಗಿಲಿನಿಂದ ಬಂದ ಧರ್ಮ

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ಒಂದು ಗ್ರಂಥದ ಹೆಸರು ಹೊತ್ತ ಮಠವಿದೆ: ಶೂನ್ಯ ಸಂಪಾದನ ಮಠ. ಮೂಡಲಗಿಯಲ್ಲಿ ಶಿವಬೋಧರಂಗ ಮಠ. ಹುಕ್ಕೇರಿಯಲ್ಲಿ ಹಿರೇಮಠವೂ ಉಂಟು, ಆದಿಲ್‌ಶಾಹಿ ಕಾಲದ ಗುಮ್ಮಟಗಳೂ ಉಂಟು. ಇಂಥ ಸೀಮೆಯ ಹುಡುಗಿಯೊಬ್ಬಳು ಧರ್ಮಗಳನ್ನೇ ವಿಷಯವಾಗಿ ಓದಿ ಪದವಿ ಪಡೆಯುತ್ತೇನೆಂದು ಹೊರಟರೆ, ಸುತ್ತಲಿನ ಕಾಲೇಜುಗಳಲ್ಲಿ ಆ ವಿಷಯ ಸಿಗುವುದು ಕಷ್ಟ.

ಇದರ ಬೇರು ಹಳೆಯದು. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿ ಹಿಡಿದು ಧರ್ಮವನ್ನು ಹೊರಗಿಟ್ಟಿತು. ಸ್ವಾತಂತ್ರ್ಯಾನಂತರ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆ ಕೂಡದೆಂದಿತು. ಬೋಧನೆ ಬೇರೆ, ಧರ್ಮಗಳ ಕುರಿತ ಅಧ್ಯಯನ ಬೇರೆ ಎಂದು ಕೊಠಾರಿ ಆಯೋಗ (1964–66) ಬಿಡಿಸಿ ಹೇಳಿತು. 1967ರಲ್ಲಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ ಧರ್ಮಾಧ್ಯಯನ ವಿಭಾಗವನ್ನೇ ತೆರೆಯಿತು. ಅಂಥ ಧೈರ್ಯ ತೋರಿದವರು ಕಡಿಮೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಧರ್ಮ ಸಾಹಿತ್ಯದ ಬೆನ್ನೇರಿ ಬಂತು. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ ಕಟ್ಟಿದ. ಮುಂದೆ ಇತರರು ಅದನ್ನು ಪರಿಷ್ಕರಿಸಿದರು. ಆ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಮೊದಲ ಸಂಪುಟದಲ್ಲಿ ದುಡಿದವರು ಎಸ್.ಸಿ. ನಂದೀಮಠ, ಎಲ್.ಎಂ.ಎ. ಮೆನೆಜಿಸ್, ಆರ್.ಸಿ. ಹಿರೇಮಠ. ಶರಣರ ವಾದಸಂವಾದವನ್ನು ಇಂಗ್ಲಿಷಿಗಿಳಿಸುವ ಪಂಕ್ತಿಯಲ್ಲಿ ಕ್ರೈಸ್ತ ಹೆಸರಿನ ವಿದ್ವಾಂಸರೊಬ್ಬರು ಕೂತಿದ್ದೇ ಧರ್ಮಾಧ್ಯಯನದ ಒಳ್ಳೆಯ ಪಾಠ, ಪಠ್ಯಕ್ರಮದಲ್ಲಿ ಅದಕ್ಕೆ ಹೆಸರಿಲ್ಲದಿದ್ದರೂ.

ಕೊನೆಯ ಸಂಪುಟದ ಮರುವರ್ಷವೇ, 1973ರಲ್ಲಿ, ಪೆಂಗ್ವಿನ್‌ನಿಂದ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ಬಂತು. ಅನುವಾದಕ ಎ.ಕೆ. ರಾಮಾನುಜನ್ ಷಿಕಾಗೋ ಸೇರುವ ಮುಂಚೆ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಐದು ಸಂಪುಟಗಳು ಗ್ರಂಥಾಲಯದ ಕಪಾಟು ಸೇರಿದವು. ಈ ತೆಳ್ಳನೆಯ ಪುಸ್ತಕ ಅಮೆರಿಕದ ತರಗತಿಗಳನ್ನು ಹೊಕ್ಕಿತು. ಭಕ್ತಿಯ ಬಗ್ಗೆ ಪಾಠ ನಡೆದಲ್ಲೆಲ್ಲ ಬಸವಣ್ಣ, ಅಕ್ಕ, ಅಲ್ಲಮ ಹಾಜರಾದರು.

ತತ್ತ್ವಶಾಸ್ತ್ರದ ಬಾಗಿಲೂ ಒಂದಿತ್ತು. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದ ರಾ.ದ. ರಾನಡೆ (1886–1957) ಉಪನಿಷತ್ತು, ಮರಾಠಿ ಸಂತರು, ಕನ್ನಡದ ಅನುಭಾವಿಗಳನ್ನು ಒಂದೇ ಓದಿನಲ್ಲಿ ಕೂಡಿಸಿದರು. ತೌಲನಿಕ ತತ್ತ್ವಶಾಸ್ತ್ರ ಮತ್ತು ಧರ್ಮಗಳಿಗೆ ಮೀಸಲಾದ ಅವರ ಅಕಾಡೆಮಿ ಬೆಳಗಾವಿಯ ಹಿಂದವಾಡಿಯಲ್ಲಿದೆ.

ಬೆಳಗಾವಿಗೆ ಮಾನವಿಕಗಳನ್ನೂ ಕಲಿಸುವ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ, ರಾಣಿ ಚನ್ನಮ್ಮನ ಹೆಸರಲ್ಲಿ. ಮೂಡಲಗಿಯ ಮಠದ ಮೇಲೋ ಹುಕ್ಕೇರಿಯ ಗುಮ್ಮಟಗಳ ಮೇಲೋ ಪಿಎಚ್‌.ಡಿ. ಮಾಡಬೇಕೆನ್ನುವವರು ಈಗಲೂ ಮೊದಲು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಇವುಗಳಲ್ಲಿ ಯಾವ ವಿಭಾಗದ ಮಾರ್ಗದರ್ಶಕರು ಒಪ್ಪುತ್ತಾರೆಂದು ವಿಚಾರಿಸಬೇಕು.