ಪುಂಡಿಪಲ್ಯಕ್ಕೆ ಪರದೇಶದ ಬಳಗ

ಸಂಜೆ ಆರು ಹೊಡೆಯಿತೆಂದರೆ ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ ಟ್ಯೂಷನ್ ಮುಗಿಸಿ ಬರುವ ಹುಡುಗ ಹುಡುಗಿಯರ ಸೈಕಲ್ಲುಗಳು ತಾವಾಗಿಯೇ ಗೋಬಿ ಮಂಚೂರಿ ಗಾಡಿಯ ಮುಂದೆ ನಿಲ್ಲುತ್ತವೆ. ಅತ್ತ ಮನೆಯಲ್ಲಿ ಬುಟ್ಟಿಯೊಳಗೆ ಜೋಳದ ರೊಟ್ಟಿ, ಪಾತ್ರೆಯಲ್ಲಿ ಪುಂಡಿಪಲ್ಯ, ಪಕ್ಕದಲ್ಲಿ ಹಿಂಡಿ, ಮೊಸರು ಕಾದು ಕುಳಿತಿರುತ್ತವೆ. 'ಹಸಿವಿಲ್ಲವ್ವಾ' ಎಂಬ ಒಂದೇ ಮಾತಿಗೆ ಅಷ್ಟೂ ಅಡುಗೆ ಮರುದಿನ ಬೆಳಗಿನ ಪಾಲಾಗುತ್ತದೆ. ತಾಯಿಗೆ ಸಿಟ್ಟು ಬರುವುದು ಸಹಜ. ಆದರೆ ಮಗನ ವಾದವನ್ನೂ ಒಂದಿಷ್ಟು ಕೇಳಬೇಕು. ದಿನಾ ಅದೇ ಪಲ್ಯ, ಒಂದು ದಿನವಾದರೂ ಹೊರದೇಶದ ರುಚಿ ಬೇಡವೇ?

ತಮಾಷೆಯೆಂದರೆ ಗೋಬಿ ಮಂಚೂರಿಗೆ ಚೀನಾದ ಮಂಚೂರಿಯಾದ ಗಂಧವೇ ಇಲ್ಲ. 1970ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಂಚೂರಿಯನ್, ಕೋಳಿಯನ್ನು ಬಿಟ್ಟು ಹೂಕೋಸನ್ನು ಹಿಡಿದು ಬೀದಿಗೆ ಇಳಿದದ್ದು, ಅಷ್ಟೆ. ಅದರ ಕೆಂಪು ಬಣ್ಣದ ಹಿಂದಿನ ಕಥೆ ಬಯಲಾದ ಮೇಲೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಯಿತು. ಪರದೇಶದ ನಿಜವಾದ ನೆಂಟರನ್ನು ಹುಡುಕಬೇಕೆಂದರೆ ಮನೆಯ ರೊಟ್ಟಿ ಬುಟ್ಟಿಯ ಕಡೆಗೇ ತಿರುಗಬೇಕು.

ಜೋಳದ ತವರು ಆಫ್ರಿಕಾ. ಹಿಂಡಿಗೆ ಹಾಕುವ ಶೇಂಗಾ ದಕ್ಷಿಣ ಅಮೆರಿಕದ್ದು. ರಂಜಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹಳೇ ಮೈಸೂರಿನವರು ಹುಚ್ಚೆಳ್ಳು ಎನ್ನುವ ಗುರೆಳ್ಳು ಇಥಿಯೋಪಿಯಾದಿಂದ ಬಂದ ಬೀಜ. ಇಷ್ಟೆಲ್ಲ ಬಂದವರ ನಡುವೆ ಹೊರಗೆ ಹೋದವರೂ ಇದ್ದಾರೆ. ಬದನೆಕಾಯಿ ಈ ಕಡೆಯಿಂದ ಪರ್ಶಿಯಾಕ್ಕೆ ಹೋಗಿ 'ಬಾದಿಂಗಾನ್' ಆಯಿತು, ಅರಬರ ಬಾಯಲ್ಲಿ 'ಅಲ್ ಬಾದಿಂಜಾನ್' ಆಯಿತು, ಫ್ರಾನ್ಸ್ ತಲುಪುವಷ್ಟರಲ್ಲಿ 'ಓಬರ್ಜಿನ್' ಎಂದು ಗುರುತೇ ಸಿಗದಷ್ಟು ಬದಲಾಯಿತು.

ಹೋದಲ್ಲೆಲ್ಲ ಅದು ಮಾಡಿಕೊಂಡ ಸಂಸಾರ ನೋಡಬೇಕು. ತುರ್ಕಿಯಲ್ಲಿ ಬದನೆಕಾಯಿಯ ಹೊಟ್ಟೆ ಸೀಳಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಟೊಮೆಟೊ ತುಂಬಿ, ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಅದರ ಹೆಸರು 'ಇಮಾಮ್ ಬಾಯಿಲ್ದಿ'. ಅಂದರೆ ಇಮಾಮರು ಮೂರ್ಛೆ ಹೋದರು ಎಂದರ್ಥ! ರುಚಿಗೆ ಮರುಳಾಗಿ ಬಿದ್ದರೆಂದು ಕೆಲವರು, ಹೆಂಡತಿ ಸುರಿದ ಎಣ್ಣೆಯ ಲೆಕ್ಕ ಕೇಳಿ ಬಿದ್ದರೆಂದು ಕೆಲವರು. ಎಣ್ಣೆಗಾಯಿ ಉಣ್ಣುವ ಊರಿನವರಿಗೆ ಎರಡನೆಯ ಕಥೆಯೇ ಹೆಚ್ಚು ನಂಬುವಂತೆ ತೋರುತ್ತದೆ.

ಎಣ್ಣೆಗಾಯಿಗೆ ಹೆಸರಿನಷ್ಟು ಎಣ್ಣೆ ಬೇಕಿಲ್ಲವೆಂಬುದು ಮಾತ್ರ ನಿಜ. ಎಂಟು ಎಳೆಯ ಬದನೆಕಾಯಿಗಳನ್ನು ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ ಉಪ್ಪು ನೀರಿಗೆ ಹಾಕಿಡಿ. ಅರ್ಧ ಬಟ್ಟಲು ಹುರಿದ ಶೇಂಗಾ, ಎರಡು ಚಮಚ ಎಳ್ಳು, ಒಂದು ಚಮಚ ಗುರೆಳ್ಳು, ಸ್ವಲ್ಪ ಒಣಕೊಬ್ಬರಿ, ಬಳ್ಳೊಳ್ಳಿ, ಮಸಾಲೆ ಖಾರ, ಹುಣಸೆರಸ ಮತ್ತು ಒಂದು ಚೂರು ಬೆಲ್ಲ ಕೂಡಿಸಿ ಕುಟ್ಟಿ ತುಂಬಿ. ಬೆಲ್ಲ ಮಹಾಲಿಂಗಪುರದ್ದಾದರೆ ಸರಿಯೇ ಸರಿ. ದಪ್ಪ ತಳದ ಪಾತ್ರೆಗೆ ಎರಡೇ ಚಮಚ ಎಣ್ಣೆ ಹಾಕಿ, ಒಗ್ಗರಣೆ ಕೊಟ್ಟು, ಕಾಯಿ ಜೋಡಿಸಿ, ಅರ್ಧ ಬಟ್ಟಲು ನೀರು ಚಿಮುಕಿಸಿ, ಮುಚ್ಚಳದ ಮೇಲೂ ನೀರಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಶೇಂಗಾ, ಎಳ್ಳು ಬೆಂದಂತೆಲ್ಲ ತಮ್ಮ ಎಣ್ಣೆಯನ್ನು ತಾವೇ ಬಿಡುತ್ತವೆ. ಮೇಲಿನಿಂದ ಸುರಿಯುವುದು ರೂಢಿಯೇ ಹೊರತು ಅಗತ್ಯವಲ್ಲ.

ಇನ್ನು ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಭರ್ತ. ಲೆಬನಾನಿನ 'ಬಾಬಾ ಗನೂಶ್' ಇದರ ಖಾಸಾ ತಮ್ಮ. ಅಲ್ಲಿಯೂ ಸಿಪ್ಪೆ ಕರಕಾಗುವ ತನಕ ಸುಟ್ಟು, ತಿರುಳು ತೆಗೆದು, ಎಳ್ಳಿನ ಮುದ್ದೆ, ನಿಂಬೆರಸ, ಹಸಿ ಬಳ್ಳೊಳ್ಳಿ, ಉಪ್ಪು ಹಾಕಿ ಹಿಸುಕುತ್ತಾರೆ. ಹುರಿದ ಎಳ್ಳನ್ನು ನುಣ್ಣಗೆ ಅರೆದು ಬೆರೆಸಿದರೆ ಮುಧೋಳದ ಅಡುಗೆಮನೆಯಲ್ಲಿಯೂ ಅದು ಆದೀತು. ರೊಟ್ಟಿಗೆ ಹಚ್ಚಿಕೊಂಡು ತಿಂದ ಹುಡುಗನಿಗೆ ಹೆಸರನ್ನು ಆಮೇಲೆ ಹೇಳಿದರಾಯಿತು.

ಇಥಿಯೋಪಿಯಾದ ನಂಟು ಇನ್ನೂ ಹತ್ತಿರದ್ದು. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸಗಳ ಕಾಲದಲ್ಲಿ ಮಾಂಸ, ಹಾಲು ಮುಟ್ಟುವುದಿಲ್ಲ. ಆದ್ದರಿಂದ ಕಾಯಿಪಲ್ಯದ ಅಡುಗೆ ಅಲ್ಲಿ ಹುಲುಸಾಗಿ ಬೆಳೆದಿದೆ. 'ಇಂಜೆರಾ' ಎಂಬ ಅಗಲವಾದ ಹುಳಿ ರೊಟ್ಟಿಯ ಮೇಲೆಯೇ ಸೊಪ್ಪು, ಬೇಳೆ, ಕೋಸು ಬಡಿಸಿ, ಕೈಯಿಂದ ಮುರಿದು ಉಣ್ಣುತ್ತಾರೆ. ಕಡಲೆಹಿಟ್ಟಿಗೆ ಉಳ್ಳಾಗಡ್ಡಿ, ಖಾರ ಹಾಕಿ ಕುದಿಸುವ 'ಶಿರೋ' ಎಂಬುದೊಂದಿದೆ. ಬೀಳಗಿಯ ಯಾವ ಅಜ್ಜಿಗೆ ತೋರಿಸಿದರೂ 'ಇದು ಝುಣಕಾ ಅಲ್ಲೇನು?' ಎಂದು ಕೇಳದಿರಲಾರಳು.

ಪುಂಡಿಪಲ್ಯಕ್ಕೂ ನೆಂಟರಿಲ್ಲದಿಲ್ಲ. ಬರ್ಮಾದವರು ಅದೇ ಹುಳಿ ಸೊಪ್ಪನ್ನು ಎಳೆ ಬಿದಿರು, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಡಿಸುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಜೋಳದ ನುಚ್ಚು, ತೊಗರಿಬೇಳೆ ಹಾಕಿ ಕುದಿಸಿ ಬಳ್ಳೊಳ್ಳಿ ಒಗ್ಗರಣೆ ಕೊಡುತ್ತಾರೆ. ಒಂದೇ ಸೊಪ್ಪು, ಎರಡು ಜಾಣತನ. ನುಚ್ಚು ಹಾಕಿದ್ದು ಹೊಟ್ಟೆ ತುಂಬಿಸುತ್ತದೆ, ಬಾಡಿಸಿದ್ದು ಹತ್ತೇ ನಿಮಿಷದಲ್ಲಿ ಆಗುತ್ತದೆ. ಮಗ್ಗದ ಸದ್ದಿನ ನಡುವೆಯೇ ಅಡುಗೆ ಮುಗಿಸಬೇಕಾದ ರಬಕವಿ-ಬನಹಟ್ಟಿಯ ತಾಯಂದಿರಿಗೆ ಬರ್ಮಾದ ದಾರಿ ಒಗ್ಗೀತು.

ಕಷ್ಟವಿರುವುದು ಆ ಸೊಪ್ಪು ಸಿಗುವುದರಲ್ಲಿ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ 1989ರಲ್ಲಿ ರೈತರೇ ವಂತಿಗೆ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ದೇಶವೇ ಹುಬ್ಬೇರಿಸಿದ ಕೆಲಸವದು. ನೀರು ಬಂತು, ನೀರಿನ ಹಿಂದೆಯೇ ಕಬ್ಬು ಬಂತು. ಕಬ್ಬು ಮಕ್ಕಳ ಕಾಲೇಜು ಫೀ ಕಟ್ಟಿದೆ, ಅದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ಹೆಸರು, ಮಡಕಿ, ಪುಂಡಿ ಬರುತ್ತಿದ್ದವು. ಹಿಂಗಾರಿನಲ್ಲಿ ಹಕ್ಕರಕಿ ತಾನೇ ಎದ್ದು ನಿಲ್ಲುತ್ತಿತ್ತು. ಕಬ್ಬಿನ ಗದ್ದೆಯಲ್ಲಿ ಇವಕ್ಕೆ ಜಾಗವಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿ ಸೀಮೆಯ ಮನೆಗಳಿಗೆ ಆ ಸಾಲುಗಳು ಮೊದಲೇ ನೀರುಪಾಲಾದವು. ಹೊಲದಿಂದ ಪುಕ್ಕಟೆ ಬರುತ್ತಿದ್ದ ಸೊಪ್ಪನ್ನು ಈಗ ಸಂತೆಯಲ್ಲಿ ಕೊಳ್ಳಬೇಕು. ಕೊಳ್ಳುವ ಮಾತು ಬಂದಾಗ ಮೊದಲು ಕೈಬಿಡುವುದು ಸೊಪ್ಪನ್ನೇ.

ಇದರ ಪೆಟ್ಟು ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಪಿಯುಸಿ ಪುಸ್ತಕದ ಮುಂದೆ ತೂಕಡಿಸುವ ಮಗಳು ಸೋಮಾರಿಯೇ ಆಗಿರಬೇಕೆಂದಿಲ್ಲ. ಸಂಶಯವಿದ್ದರೆ ವೈದ್ಯರ ಬಳಿ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಪಲ್ಯವೊಂದೇ ಔಷಧವಾಗದು. ಅಡುಗೆಮನೆಯಲ್ಲಿ ಮಾಡಬಹುದಾದದ್ದೂ ಇದೆ. ಸೊಪ್ಪು, ಕಾಳುಗಳ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆಹಣ್ಣಿನಂಥ ಸಿ ಜೀವಸತ್ವವಿದ್ದರೆ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ತಪ್ಪಿಹೋಗುತ್ತದೆ. ರೊಟ್ಟಿ ಜೊತೆ ಹಸಿ ಮೆಂತೆ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಕಡಿಯುವ ಹಳೆಯ ರೂಢಿಯನ್ನು ಹಳ್ಳಿಗಾಡಿನದೆಂದು ನಾಚಿ ಬಿಟ್ಟ ಮನೆಗಳು, ಪಟ್ಟಣದ ಹೋಟೆಲಿನಲ್ಲಿ 'ಸಲಾಡ್' ಎಂದು ಅದಕ್ಕೇ ಹಣ ತೆತ್ತು ಬರುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 400 ಗ್ರಾಂ ತರಕಾರಿ, ಹಣ್ಣು. ಚಟ್ನಿಯಷ್ಟು ಪಲ್ಯ ನೆಂಚಿಕೊಂಡರೆ ಅದರ ಸಮೀಪಕ್ಕೂ ಹೋಗಲಾಗದು.

ಗೋಬಿಯೇ ಬೇಕೆಂದು ಹಟ ಹಿಡಿದವರಿಗೆ ಚೀನೀಯರ ಅಸಲಿ ವಿದ್ಯೆ ಕಲಿಸಬಹುದು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು. ಎರಡು ಚಮಚ ಶೇಂಗಾ ಎಣ್ಣೆ, ಜಜ್ಜಿದ ಬಳ್ಳೊಳ್ಳಿ, ಹಸಿಶುಂಠಿ. ಮೊದಲು ಗಟ್ಟಿಯಾದ ಗಜ್ಜರಿ, ಹೂಕೋಸು, ಕೊನೆಗೆ ಉಳ್ಳಾಗಡ್ಡಿ ತಪ್ಪಲು. ಜೋರು ಉರಿಯಲ್ಲಿ ಐದಾರು ನಿಮಿಷ ಕೈ ನಿಲ್ಲಿಸದೆ ಆಡಿಸಿ, ಹಲ್ಲಿಗೆ ಕರುಕುರು ಎನ್ನುವಾಗಲೇ ಇಳಿಸಬೇಕು. ಹಿಟ್ಟಿಲ್ಲ, ಬಣ್ಣವಿಲ್ಲ, ಮತ್ತೆ ಮತ್ತೆ ಕಾಯ್ದ ಎಣ್ಣೆಯಿಲ್ಲ.

ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೊರಟ ಮಕ್ಕಳ ಚೀಲದಲ್ಲಿ ಖಡಕ್ ರೊಟ್ಟಿ, ಹಿಂಡಿ ಈಗಲೂ ಇರುತ್ತವೆ. ಹಾಸ್ಟೆಲಿನಲ್ಲಿ ಒಲೆ ಹಚ್ಚುವಂತಿಲ್ಲ ಎಂಬ ಚಿಂತೆಗೆ ಮೆಕ್ಸಿಕೋದಲ್ಲಿ ಪರಿಹಾರವಿದೆ. ಅಲ್ಲಿ ಮೆಕ್ಕೆಜೋಳದ ಗರಿಗರಿ ರೊಟ್ಟಿಯ ಮೇಲೆ ಕಾಯಿಪಲ್ಯ ಹರವಿ 'ತೊಸ್ತಾದಾ' ಎನ್ನುತ್ತಾರೆ. ತೊಳೆದ ಟೊಮೆಟೊ, ಸೌತೆಕಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ಉಪ್ಪು, ನಿಂಬೆರಸ ಬೆರೆಸಬೇಕು. ಅವ್ವ ಕಳಿಸಿದ ಖಡಕ್ ರೊಟ್ಟಿಯ ಮೇಲೆ ದಪ್ಪಗೆ ಹರವಿ, ಮೇಲೆ ಶೇಂಗಾ ಹಿಂಡಿ ಉದುರಿಸಿ, ರೊಟ್ಟಿ ಮೆತ್ತಗಾಗುವ ಮೊದಲೇ ಮುಗಿಸಬೇಕು.